ಉಡಕಿ ಹೋದ ಮುತ್ಯಾನ ಅವ್ವ ಮುಂದೆ ಎಲ್ಲಿದ್ದಳು?

ಬಾದಾಮಿ_ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೇ ಉತಾರ (ಪಹಣಿ), ವರ್ದಿ (ಜಮೀನಿನ ಹಕ್ಕು ಬದಲಾದ ದಾಖಲೆ), ವಂಶಾವಳಿ ಬಲ್ಲವರು ಬಹಳ ಜನ ಇದ್ದೀರಿ ಅಂತ ಧೈರ್ಯ ಮಾಡಿ ಕೇಳ್ತಾ ಇದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಬಾದಾಮಿ ತಾಲೂಕಿನ ಒಂದು ಹಳ್ಳಿ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹುಟ್ಟಿದ್ದು 1916ರಲ್ಲಿ. ಅವರಿಗೆ ಎರಡು ವರ್ಷ ಇದ್ದಾಗ, 1918ರ ಜ್ವರದಲ್ಲಿ ಅವರ ಅಪ್ಪ ತೀರಿಕೊಂಡರು. ಅವ್ವನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಎರಡು ಮೂರು ವರ್ಷದ ಮೇಲೆ ಆಕೆಯನ್ನು ಬೇರೆ ಊರಿಗೆ ಉಡಕಿ, ಅಂದರೆ ವಿಧವೆಯ ಮರುಮದುವೆ, ಮಾಡಿ ಕೊಟ್ಟರು. ಮುತ್ಯಾನನ್ನು ಮಾತ್ರ ಈ ಮನೆಯಲ್ಲೇ ಇಟ್ಟುಕೊಂಡರು. ಅವರ ಕಾಕಾ, ಅಜ್ಜಿ ಸೇರಿ ಬೆಳೆಸಿದರು. ನಮಗೆ ಗೊತ್ತಿರೋದು ಇಷ್ಟೇ.

ಆಕೆಯ ಹೆಸರು ಕೂಡ ಗೊತ್ತಿಲ್ಲ. ಚಿಕ್ಕವನಿದ್ದಾಗ ದೊಡ್ಡವರನ್ನು ಕೇಳಿದರೆ "ಆಕಿ ಉಡಕಿ ಹೋದ್ಳು, ಬಿಡು" ಅನ್ನೋರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮುತ್ಯಾ 1994ರಲ್ಲಿ ಹೋದರು. ಅವರ ಬಾಯಿಂದ "ನಮ್ಮವ್ವ" ಅನ್ನೋ ಮಾತು ನಾನಂತೂ ಕೇಳಿಲ್ಲ. ಮೊನ್ನೆ ವಾಟ್ನಿಗೆ (ಆಸ್ತಿ ಪಾಲಿಗೆ) ಅಂತ ವಂಶಾವಳಿ ಮಾಡಿಸಿದೆವು. ಅದರಲ್ಲಿ ಮುತ್ಯಾನ ಅಪ್ಪನ ಹೆಸರಿದೆ. ಕೆಳಗೆ "ಹೆಂಡತಿ" ಅಂತ ಬರೆದು, ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು, ಮುಂದೆ "ಮೃತ" ಅಂತ ಹಾಕಿದ್ದಾರೆ. ಆ ಗೆರೆ ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಆಕೆ ಎಲ್ಲಿಗೆ ಹೋದಳು, ಅಲ್ಲಿ ಮಕ್ಕಳಾದವಾ, ಎಷ್ಟು ದಿನ ಬದುಕಿದಳು, ಬಿಟ್ಟು ಹೋದ ಮಗನನ್ನು ಮತ್ತೆ ನೋಡಿದಳಾ? ಎಲ್ಲಿಂದ ಶುರು ಮಾಡಲಿ ಹೇಳಿ.

ಕರಿಮಣ್ಣು

ಮೊದಲು ಆಕೆಯ ತವರು ಯಾವುದು ಅಂತ ಹುಡುಕಿ. ಗಂಡ ಸತ್ತ ಮೇಲೆ ಉಡಕಿ ಮಾಡಿಸೋದು ಬಹುಪಾಲು ತವರಿನವರೇ. ಇನ್ನೊಂದು ಮಾತು. ಉಡಕಿ ಕೊಟ್ಟ ಊರು ಬ್ರಿಟಿಷರ ಕೈಯಲ್ಲಿತ್ತಾ, ಸಂಸ್ಥಾನದಲ್ಲಿತ್ತಾ ಅನ್ನೋದು ಬಹಳ ಮುಖ್ಯ. ಮುಧೋಳ, ಜಮಖಂಡಿ, ರಾಮದುರ್ಗ ಇವೆಲ್ಲ 1948ರಲ್ಲಿ ವಿಲೀನ ಆಗೋವರೆಗೆ ಬೇರೆ ಬೇರೆ ಸಂಸ್ಥಾನಗಳು. ಅವುಗಳ ಹಳೇ ಕಾಗದ ಬಿಜಾಪುರ ಜಿಲ್ಲೆಯ ದಫ್ತರದಲ್ಲಿ ಹುಡುಕಿ ಪ್ರಯೋಜನ ಇಲ್ಲ. ನಮ್ಮ ಮನೆಯ ಒಂದು ಕೇಸಿಗೆ ನಾವು ಎರಡು ವರ್ಷ ತಪ್ಪು ಕಚೇರಿಗೆ ಅಲೆದಿದ್ದೇವೆ.

ಬಾದಾಮಿ_ಮೊಮ್ಮಗ

ನಮ್ಮೂರು ಬ್ರಿಟಿಷ್ ಬಿಜಾಪುರ ಜಿಲ್ಲೆಯೇ. ತವರು ಗೊತ್ತಿಲ್ಲ ಸರ್. ಎರಡನೇ ಊರೂ ಗೊತ್ತಿಲ್ಲ.

ಸಿಂದಗಿ_ಹುಡುಗ

1921ರ ಜನಗಣತಿಯಲ್ಲಿ ಸಿಗಲ್ವಾ? ವಿದೇಶದಲ್ಲಿ ಎಲ್ಲರೂ ಜನಗಣತಿ ನೋಡಿಯೇ ಹಿರಿಯರನ್ನು ಹುಡುಕ್ತಾರೆ.

ಸವದತ್ತಿ_ಟೀಚರ್

ನಮ್ಮಲ್ಲಿ ಹಾಗೆ ಆಗಲ್ಲಪ್ಪ. ನಮಗೆ ಸಿಗೋದು ಒಟ್ಟು ಲೆಕ್ಕ ಮಾತ್ರ. ಮನೆ ಮನೆಯ ಹೆಸರು ಬರೆದ ಚೀಟಿ ಸಾರ್ವಜನಿಕರಿಗೆ ತೋರಿಸೋದಿಲ್ಲ, ಈಗಿನ ಜನಗಣತಿ ಕಾಯ್ದೆಯೇ ಅದನ್ನು ತಡೆಯುತ್ತೆ. 1921ರ ಲೆಕ್ಕದಿಂದ ಒಂದು ಮಾತ್ರ ತಿಳಿಯುತ್ತೆ. 1911ರಿಂದ 1921ರ ಹತ್ತು ವರ್ಷದಲ್ಲಿ ದೇಶದ ಜನಸಂಖ್ಯೆ ಏರೋದು ಬಿಟ್ಟು ಇಳಿಯಿತು. ಆ ಜ್ವರ ಅಷ್ಟು ಮಂದಿಯನ್ನು ಒಯ್ದಿತ್ತು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ನಿಮ್ಮ ಮುತ್ಯಾನ ಅವ್ವನಂಥ ಎಳೇ ವಿಧವೆಯರು ಒಂದೊಂದು ಊರಿನಲ್ಲಿ ಎಷ್ಟು ಮಂದಿ ಇದ್ದಿರಬೇಕು, ಯೋಚನೆ ಮಾಡಿ.

ಶಾಲೆಯ ಜನರಲ್ ರಜಿಸ್ಟರ್ ನೋಡಿ ಅಂತ ನನ್ನ ಸಲಹೆ. ಮುತ್ಯಾ ಶಾಲೆಗೆ ಹೋಗಿದ್ದರೆ ಪಾಲಕರ ಹೆಸರು, ಹುಟ್ಟಿದ ಊರು ಇರುತ್ತೆ. ಮೊದಲ ಹೆರಿಗೆ ತವರಿನಲ್ಲೇ ಅಲ್ವಾ? ಹುಟ್ಟಿದ ಊರು ಬೇರೆ ಬರೆದಿದ್ದರೆ ಅದೇ ಆಕೆಯ ತವರು.

ಹಳೇ_ಮತಪೆಟ್ಟಿಗೆ

1952ರ ಮತದಾರರ ಪಟ್ಟಿ ಸಿಕ್ಕರೆ ನೋಡಿ. ಆದರೆ ಆಗ ಹೆಣ್ಣುಮಕ್ಕಳು ಸ್ವಂತ ಹೆಸರು ಹೇಳದೆ "ಇಂಥವನ ಹೆಂಡತಿ, ಇಂಥವನ ತಾಯಿ" ಅಂತ ಬರೆಸಿದ್ದರಿಂದ ಸುಮಾರು 28 ಲಕ್ಷ ಹೆಸರು ಪಟ್ಟಿಯಿಂದ ಬಿಟ್ಟುಹೋದವು.

ಸವದತ್ತಿ_ಟೀಚರ್

ಸಂಖ್ಯೆ ಸರಿ. ಆದರೆ ಅದು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆ ಜಾಸ್ತಿ ಆಗಿದ್ದು. ನಮ್ಮ ಕಡೆಯ ಹೆಂಗಸರ ಮೇಲೆ ಅದನ್ನು ಹಾಕಬೇಡಿ.

ನಿವೃತ್ತ_ತಲಾಠಿ

ತಮ್ಮಾ, ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ನೀನು ಹುಡುಕಬೇಕಾದ್ದು ಇವತ್ತಿನ ಪಹಣಿ ಅಲ್ಲ, ಹಳೇ ವರ್ದಿ. ಮುಂಬೈ ಇಲಾಖೆಯಲ್ಲಿ ಹಕ್ಕುದಾಖಲೆ ಅನ್ನೋದು 1903ರಲ್ಲಿ ಶುರುವಾಗಿ 1913ರ ತಿದ್ದುಪಡಿ ಆದ ಮೇಲೆ ಗಟ್ಟಿಯಾಯಿತು. ಹಾಗಾಗಿ 1918ರ ಸಾವಿಗೆ ವಾರಸಾ ವರ್ದಿ ಇರಲೇಬೇಕು. ಜಮೀನು ಎಷ್ಟೇ ಇರಲಿ, ಎರಡು ಎಕರೆ ಇದ್ದರೂ ಸಾಕು.

ಹೇಗೆ ಓದಬೇಕು ಅಂತ ಹೇಳ್ತೀನಿ. ನಿಮ್ಮ ಮುತ್ಯಾ ಆಗ ಎರಡು ವರ್ಷದ ಕೂಸು. ಜಮೀನು ಅವರ ಹೆಸರಿಗೇ ಬಂದಿರುತ್ತೆ, ಆದರೆ ಅವರ ಹೆಸರಿನ ಪಕ್ಕ "ಅ.ಪಾ.ಕ." ಅಂತ ಇರುತ್ತೆ. ಅಜ್ಞಾನ ಪಾಲನಕರ್ತ ಅಂತ ಅದರ ಅರ್ಥ, ಅಂದರೆ ವಯಸ್ಸಿಗೆ ಬರದ ಮಗುವಿನ ಪಾಲಕರು. ಅಲ್ಲಿ ತಾಯಿಯ ಹೆಸರು ಇರಬೇಕು. "ಇಂಥವಳು ಕೋಂ ಇಂಥವನು" ಅಂತ ಬರೆದಿರ್ತಾರೆ. ಕೋಂ ಅಂದರೆ ಹೆಂಡತಿ. ಆಮೇಲೆ ಎರಡು ಮೂರು ವರ್ಷಕ್ಕೆ ಇನ್ನೊಂದು ವರ್ದಿ ಬಿದ್ದಿರಬೇಕು. ತಾಯಿ ಉಡಕಿ ಹೋದ ಕಾರಣ ಆಕೆಯ ಹೆಸರು ಕಡಿಮೆ ಮಾಡಿ ಕಾಕಾನನ್ನು ಪಾಲಕ ಅಂತ ಹಾಕಿದ್ದು. ಈ ಎರಡನೇದೇ ನಿನಗೆ ಬೇಕಾದ್ದು. ಈಗಿನ ಪಹಣಿಯ ಕಾಲಮ್ಮಿನಲ್ಲಿ ಕಾಣೋ ವರ್ದಿ ನಂಬರ್ ಹಿಡಿದು ಒಂದೊಂದೇ ಮೆಟ್ಟಿಲು ಹಿಂದೆ ಹೋಗು. ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಹಾಕು. ಸರ್ವೆ ನಂಬರ್ ಹಿಸ್ಸಾ (ಪಾಲು) ಆಗಿದ್ದರೆ ಮೂಲ ನಂಬರೂ ಬರಿ, ಇಲ್ಲಾಂದ್ರೆ "ದಾಖಲೆ ಲಭ್ಯವಿಲ್ಲ" ಅಂತ ಹಿಂಬರಹ ಕೊಟ್ಟು ಕಳಿಸ್ತಾರೆ.

ಗೋಕಾಕ_ವಕೀಲ

ತಲಾಠಿ ಸಾಹೇಬರು ಹೇಳಿದ್ದು ನೂರಕ್ಕೆ ನೂರು ಸರಿ. ಕಾಯ್ದೆಯ ಕಡೆಯಿಂದ ಒಂದು ಮಾತು ಸೇರಿಸ್ತೀನಿ. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ವಿಧವೆಯ ಮದುವೆಗೆ ಮಾನ್ಯತೆ ಕೊಟ್ಟಿತು, ಎಲ್ಲರೂ ಅದನ್ನಷ್ಟೇ ಹೇಳ್ತಾರೆ. ಅದರ ಎರಡನೇ ಕಲಮು ಓದಿ. ಮತ್ತೆ ಮದುವೆ ಆದ ಗಳಿಗೆಯಿಂದ ಮೊದಲ ಗಂಡನ ಆಸ್ತಿಯಲ್ಲಿ, ಪೋಟಗಿಯಲ್ಲಿ (ಜೀವನಾಂಶದಲ್ಲಿ) ಆಕೆಗಿದ್ದ ಹಕ್ಕು ಪೂರ್ತಿ ಮುಗಿಯುತ್ತಿತ್ತು. ಹೇಗೆ ಮುಗಿಯುತ್ತಿತ್ತು ಅಂದರೆ, ಆಕೆ ಆಗಲೇ ಸತ್ತಿದ್ದರೆ ಹೇಗೋ ಹಾಗೆ. ಕಾಯ್ದೆಯ ಮಾತೇ ಅದು. ನಿಮ್ಮ ವಂಶಾವಳಿಯಲ್ಲಿ ಇರೋ "ಮೃತ" ಓದಿದಾಗ ನನಗೆ ಅದೇ ನೆನಪಾಯಿತು.

ಕರಿಮಣ್ಣು

ವಕೀಲರೇ, ಆ ಕಾಯ್ದೆ ಮರುಮದುವೆ ರೂಢಿ ಇಲ್ಲದ ಜಾತಿಗಳಿಗೆ ತಂದದ್ದಲ್ವಾ? ನಮ್ಮ ಕಡೆ ಉಡಕಿ ಮೊದಲಿನಿಂದಲೂ ಇತ್ತು. ಅದಕ್ಕೆ ಯಾಕೆ ಅನ್ವಯ ಆಗಬೇಕು?

ಗೋಕಾಕ_ವಕೀಲ

ಒಳ್ಳೆಯ ಪ್ರಶ್ನೆ, ಆಗಿನ ಕೋರ್ಟುಗಳಲ್ಲೇ ಇದರ ಬಗ್ಗೆ ಒಮ್ಮತ ಇರಲಿಲ್ಲ. ರೂಢಿಯಲ್ಲೇ ಮರುಮದುವೆ ಇದ್ದ ಜಾತಿಯ ಹೆಂಗಸು ಹಕ್ಕು ಕಳೆದುಕೊಳ್ಳೋದಿಲ್ಲ ಅಂತ ಅಲಹಾಬಾದ್ ಹೈಕೋರ್ಟ್ ಹೇಳಿತು. ಮುಂಬೈ ಹೈಕೋರ್ಟ್ ಕಳೆದುಕೊಳ್ಳುತ್ತಾಳೆ ಅಂತ ಹೇಳಿತು. ನಮ್ಮ ಬೆಳಗಾವಿ, ಬಿಜಾಪುರ ಎರಡೂ ಮುಂಬೈ ಕೆಳಗೆ. ಮಗುವಿನ ಪಾಲನೆಯ ವಿಷಯ ಮೂರನೇ ಕಲಮಿನಲ್ಲಿದೆ. ತಾಯಿ ಮತ್ತೆ ಮದುವೆಯಾದರೆ ಬೇರೆ ಪಾಲಕರನ್ನು ನೇಮಿಸಿ ಅಂತ ಸತ್ತ ಗಂಡನ ಕಡೆಯವರು ಕೋರ್ಟಿಗೆ ಹೋಗಬಹುದಿತ್ತು. ಹಳ್ಳಿಯಲ್ಲಿ ಕೋರ್ಟಿನವರೆಗೆ ಹೋಗೋರು ಕಡಿಮೆ, ದೈವದವರು, ಅಂದರೆ ಊರಿನ ಹಿರಿಯರು, ಕೂತು ತೀರ್ಮಾನ ಮಾಡೋರು. ಮಗು ಹೊಲದ ವಾರಸುದಾರ, ಅದಕ್ಕೆ ಅದನ್ನು ಬಿಟ್ಟುಕೊಡುತ್ತಿರಲಿಲ್ಲ.

ಮನೆ_ಮಾನ

ಇದನ್ನೆಲ್ಲ ಕೆದಕಿ ಏನು ಸಿಗುತ್ತೆ? ನೂರು ವರ್ಷದ ಹಿಂದೆ ಹಿರಿಯರು ಮುಚ್ಚಿಟ್ಟಿದ್ದಾರೆ ಅಂದರೆ ಕಾರಣ ಇರುತ್ತೆ. ಆ ಹೆಣ್ಣುಮಗಳ ಎರಡನೇ ಮನೆಯವರು ಈಗ ಎಲ್ಲೋ ಮರ್ಯಾದೆಯಿಂದ ಇರ್ತಾರೆ. ನೀವು ಹೋಗಿ "ನಿಮ್ಮ ಅಜ್ಜಿ ಉಡಕಿ ಬಂದಾಕಿ" ಅಂದರೆ ಅವರಿಗೆ ಹೇಗೆ ಅನ್ನಿಸಬೇಡ?

ಇಳಕಲ್_ಅಕ್ಕ

ಅಣ್ಣಾರೆ, ಉಡಕಿ ಅನ್ನೋದು ಬೈಗುಳ ಅಲ್ಲ. ಅದನ್ನು ಬೈಗುಳ ಮಾಡಿದವರು ನಾವು. ನನ್ನ ಸ್ವಂತ ಆಯಿ (ಅಜ್ಜಿ) ಉಡಕಿ ಬಂದವಳು. ನಾನು ಆಕೆಯ ಮಗ್ಗುಲಲ್ಲಿ ಮಲಗಿ ಬೆಳೆದವಳು, ಆಕೆ ಹೇಳಿದ್ದನ್ನೇ ಹೇಳ್ತೀನಿ, ಕೇಳಿ.

ಆಕೆಯ ಮೊದಲ ಲಗ್ನಕ್ಕೆ ಐದು ದಿನ ಚಪ್ಪರ, ಬಾಜಾ ಭಜಂತ್ರಿ, ಇಡೀ ಊರಿಗೆ ಊಟ. ಉಡಕಿ ಆಗಿದ್ದು ರಾತ್ರಿ, ಅಮಾವಾಸ್ಯೆ ಹತ್ತಿರದ ಕತ್ತಲಲ್ಲಿ. ಬಾಜಾ ಇಲ್ಲ, ಅಕ್ಷತೆ ಇಲ್ಲ. ಮುತ್ತೈದೆಯರು ಯಾರೂ ಹತ್ತಿರ ಬರಲಿಲ್ಲ. ಆಕೆಯಂಥದೇ ಇಬ್ಬರು ವಿಧವೆಯರು ಒಂದು ಹೊಸ ಸೀರೆ ಉಡಿಸಿದರು. ಸೀರೆ ಉಡಿಸೋದೇ ಮದುವೆ, ಅದಕ್ಕೇ ಉಡಕಿ ಅನ್ನೋದು. ಬೆಳಕು ಹರಿಯೋದರೊಳಗೆ ಗಾಡಿ ಹತ್ತಿಸಿ ಕಳಿಸಿದರು. ಆಮೇಲೆ ಐವತ್ತು ವರ್ಷ ಆ ಮನೆಯಲ್ಲಿ ದುಡಿದರೂ ಲಗ್ನದ ಚಪ್ಪರದಲ್ಲಿ ಆಕೆಯನ್ನು ಮುಂದೆ ಕರೆಯುತ್ತಿರಲಿಲ್ಲ. ಸ್ವಂತ ಮಗಳ ಮದುವೆಯಲ್ಲಿ ಅರಿಶಿಣ ಹಚ್ಚೋಕೆ ಬಿಡಲಿಲ್ಲ, ಅಡುಗೆಮನೆಯ ಹಿಂದೆ ಹೋಳಿಗೆ ಹೂರಣ ರುಬ್ಬುತ್ತಾ ಕೂತಿದ್ದಳು. ಇದನ್ನು ಹೇಳುವಾಗ ಆಕೆ ಅಳುತ್ತಿರಲಿಲ್ಲ. ನನ್ನ ತಲೆ ಬಾಚುತ್ತಾ ಹೇಳುತ್ತಿದ್ದಳು.

ಮಕ್ಕಳ ವಿಷಯ ಕೇಳಿ. ಮೊಲೆ ಕುಡಿಯೋ ಕೂಸಾದರೆ ಜೊತೆಗೆ ಕಳಿಸೋರು, ದೊಡ್ಡದಾದ ಮೇಲೆ ವಾಪಸ್ ತರೋರು. ನಡೆಯೋ ಮಗು ಆದರೆ ಅಲ್ಲೇ ಬಿಡಬೇಕು. "ಮಗನನ್ನು ಬಿಟ್ಟು ಹೋದಳು" ಅಂತ ಸುಲಭವಾಗಿ ಅಂದುಬಿಡ್ತಾರೆ. ಆಕೆಯನ್ನು ಯಾರೂ ಕೇಳಿರಲಿಲ್ಲ. ಮೊಮ್ಮಗ ಈಗ ಕೇಳ್ತಾ ಇದ್ದಾನೆ, ಕೇಳಲಿ ಬಿಡಿ.

ಮನೆ_ಮಾನ

ಅಕ್ಕಾ, ನಿಮ್ಮ ಆಯಿಯ ಬಗ್ಗೆ ಕೆಟ್ಟ ಮಾತು ಆಡಲಿಲ್ಲ. ಆ ಮನೆಯವರನ್ನು ಕೇಳದೆ ಹೆಸರು, ಊರು ಇಲ್ಲಿ ಹಾಕಬೇಡಿ ಅನ್ನೋದಷ್ಟೇ ನನ್ನ ಮಾತು.

ಬಾದಾಮಿ_ಮೊಮ್ಮಗ

ಅದು ಸರಿ. ಊರಿನ ಹೆಸರು ಹಾಕೋದಿಲ್ಲ, ಮಾತು ಕೊಡ್ತೀನಿ.

ಚಿಕ್ಕೋಡಿ_ಕಬ್ಬು

ಮನೆ ಮನೆಗೆ ಬಂದು ವಂಶಾವಳಿ ಓದೋ ಹೆಳವರನ್ನು ಕೇಳಿದಿರಾ? ನಮ್ಮ ಮನೆಗೆ ಸುಗ್ಗಿ ಮುಗಿದ ಮೇಲೆ ಬರ್ತಾರೆ. ಮೊದಲು ಎತ್ತಿನ ಮೇಲೆ ಬರ್ತಿದ್ದರಂತೆ, ಈಗ ಟೆಂಪೋದಲ್ಲಿ ಬರ್ತಾರೆ. ಪುಸ್ತಕ ಬಿಚ್ಚಿ ಹತ್ತು ತಲೆಮಾರು ಓದ್ತಾರೆ, ಜೋಳ, ಬಟ್ಟೆ, ದುಡ್ಡು ತಗೊಂಡು ಹೋಗ್ತಾರೆ.

ಕರಿಮಣ್ಣು

ಹೆಳವರ ಪುಸ್ತಕದಲ್ಲಿ ಗಂಡಸರೇ ಇರ್ತಾರೆ. ಹೆಣ್ಣುಮಕ್ಕಳನ್ನು ಬರೆಯೋದಿಲ್ಲ.

ಚಿಕ್ಕೋಡಿ_ಕಬ್ಬು

ತಪ್ಪು. ನಮ್ಮ ಹೆಳವರ ಪುಸ್ತಕದಲ್ಲಿ ನಮ್ಮ ಮುತ್ತಜ್ಜನಿಗೆ ಇಬ್ಬರು ಹೆಂಡಿರು ಅಂತ ಬರೆದಿದೆ, ಒಬ್ಬಳು ಲಗ್ನದಾಕಿ, ಒಬ್ಬಳು ಉಡಕಿಯಾಕಿ, ಯಾರ ಹೊಟ್ಟೆಯಲ್ಲಿ ಯಾವ ಮಗ ಅಂತ ಬೇರೆ ಬೇರೆ ಇದೆ. ಪಾಲು ಹಂಚುವಾಗ ಬೇಕಾಗುತ್ತೆ ಅಂತ ಬರೆದಿಟ್ಟಿದ್ದಾರೆ. ಆದರೆ ಒಂದು ತೊಡಕಿದೆ. ಆಕೆ ಸಿಗೋದು ನಿಮ್ಮ ಮನೆಯ ಹೆಳವರ ಪುಸ್ತಕದಲ್ಲಿ ಅಲ್ಲ, ಎರಡನೇ ಗಂಡನ ಮನೆಯ ಹೆಳವರ ಪುಸ್ತಕದಲ್ಲಿ. ಆ ಮನೆ ಯಾವುದು ಅಂತ ಮೊದಲು ತಿಳಿಯಬೇಕು.

ಸಿಂದಗಿ_ಹುಡುಗ

ನಮ್ಮದು ಇದೇ ಥರ, ಆದರೆ ಉಲ್ಟಾ. ನಮ್ಮ ಅಜ್ಜನ ಅಣ್ಣ ಸೋಲಾಪುರದ ಗಿರಣಿಗೆ ದುಡಿಯೋಕೆ ಹೋದವರು ಅಲ್ಲೇ ಇನ್ನೊಂದು ಮದುವೆ ಮಾಡಿಕೊಂಡರು. 1884ರಿಂದ ಹೋಟಗಿ ಗದಗ ರೈಲು ಓಡುತ್ತಿತ್ತಲ್ಲ, ನಮ್ಮ ಕಡೆಯ ಎಷ್ಟೋ ಜನ ಅದನ್ನೇ ಹತ್ತಿ ಹೋದರು. ಇಲ್ಲಿನ ಹೆಂಡತಿ ಇಪ್ಪತ್ತು ವರ್ಷ ಕುಂಕುಮ ಹಚ್ಚಿಕೊಂಡು ದಾರಿ ನೋಡಿದರು. ಗಿರಣಿಯ ಹಾಜರಿ ಪುಸ್ತಕ ಎಲ್ಲಾದರೂ ಸಿಗುತ್ತಾ?

ಇಳಕಲ್_ಅಕ್ಕ

ನೋಡಿ, ನಿಮ್ಮ ದೊಡ್ಡ ಅಜ್ಜ ಎರಡನೇ ಮದುವೆ ಆದರು, ಅವರ ಹೆಸರು ವಂಶಾವಳಿಯಲ್ಲಿ ಹಾಗೇ ಇದೆ ತಾನೇ? ಯಾರೂ ಗೆರೆ ಎಳೆದಿಲ್ಲ.

ಸಿಂದಗಿ_ಹುಡುಗ

ಇದೆ ಅಕ್ಕಾ. ಇದುವರೆಗೂ ಹಾಗೆ ಯೋಚನೆ ಮಾಡಿರಲಿಲ್ಲ.

ಬಾದಾಮಿ_ಮೊಮ್ಮಗ

ಮೂರು ವಾರದ ಮೇಲೆ ಬರೀತಾ ಇದ್ದೇನೆ. ಶಾಲೆಯಲ್ಲಿ ಏನೂ ಸಿಗಲಿಲ್ಲ, ಮುತ್ಯಾ ಶಾಲೆ ಮೆಟ್ಟಿಲು ಹತ್ತಿಲ್ಲ ಅಂತ ಕಾಣುತ್ತೆ. ವರ್ದಿ ಸಿಕ್ಕಿತು! ಮೂಲ ಸರ್ವೆ ನಂಬರ್ ಬರೆದಿದ್ದಕ್ಕೇ ಸಿಕ್ಕಿದ್ದು, ತಲಾಠಿ ಸರ್‌ಗೆ ಕೈ ಮುಗಿದೆ.

ಮೊದಲನೇದು 1919ರದು. ಮುತ್ಯಾನ ಹೆಸರು, ಮುಂದೆ ಅ.ಪಾ.ಕ. ತಾಯಿ ಸಂಗವ್ವ. ಎರಡನೇದು 1921. "ಸಂಗವ್ವ ಇವಳು ಉಡಕಿ ಹೋದ ಕಾರಣ" ಅಂತ ಬರೆದು ಹೆಸರು ಕಡಿಮೆ ಮಾಡಿ ಕಾಕಾನ ಹೆಸರು ಸೇರಿಸಿದ್ದಾರೆ. ಯಾವ ಊರಿಗೆ ಅಂತ ಇಲ್ಲ. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು ಒಂದಿದೆ, ಪಕ್ಕದಲ್ಲಿ ಆಕೆಯ ಹೆಸರು. ಶಾಯಿ ಮಾಸಿದೆ, ಆದರೆ ಬೆರಳಿನ ಗೆರೆ ಕಾಣುತ್ತೆ. ಬಹಳ ಸಣ್ಣ ಬೆರಳು.

ಇನ್ನೊಂದು ಹೇಳಬೇಕು. ನಮ್ಮ ದೊಡ್ಡ ಅತ್ತಿಯ ಹೆಸರು ಸಂಗವ್ವ. ಮುತ್ಯಾನ ಮೊದಲ ಮಗಳು ಅವರು. ಅದು ಯಾರ ಹೆಸರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೂಡಲಸಂಗಮದ ದೇವರ ಹೆಸರು ಅಂತಿದ್ದೆವು. ಅಪ್ಪನಿಗೆ ನಕಲು ಓದಿ ಹೇಳಿದೆ. ಸುಮ್ನೆ ಕೂತರು. ಆಮೇಲೆ ಎದ್ದು ಹೋಗಿ ಅತ್ತಿಗೆ ಫೋನ್ ಮಾಡಿದರು.

ನಿವೃತ್ತ_ತಲಾಠಿ

ಬಹಳ ಸಂತೋಷ ಆಯಿತು ತಮ್ಮಾ. ಆ ಹೆಬ್ಬೆಟ್ಟು ಇದೆಯಲ್ಲ, ಅದು ಆಕೆ ಆ ದಿನ ಚಾವಡಿಗೆ ಬಂದು ಒತ್ತಿದ್ದು. ನಾನು ಸಾವಿರಾರು ಹೆಬ್ಬೆಟ್ಟು ಒತ್ತಿಸಿದ್ದೇನೆ. ಹೆಣ್ಣುಮಕ್ಕಳು ಬೆರಳು ಚಾಚೋಕೆ ಹೆದರೋರು, ನಾವೇ ಕೈ ಹಿಡಿದು ಒತ್ತಿಸಬೇಕು.

ಖಡಕ್_ರೊಟ್ಟಿ

ಸ್ವಲ್ಪ ಬೇರೆ ವಿಷಯ. ನಿಮ್ಮ ಮನೆಯ ಹಳೇ ಹಿತ್ತಾಳೆ, ತಾಮ್ರದ ಸಾಮಾನು ನೋಡಿದ್ದೀರಾ? ಕೊಡ, ಹಂಡೆ, ಪರಾತ, ಚರಿಗೆ. ಮೊದಲು ಯಾರಾದರೂ ಲಗ್ನಕ್ಕೆ ಆಹೇರಿ ಕೊಟ್ಟರೆ ಅದರ ಮೇಲೆ ಹೆಸರು ಹೊಡೆಸಿ ಕೊಡುತ್ತಿದ್ದರು, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ. ಪಾತ್ರೆ ಅದಲು ಬದಲು ಆಗಬಾರದು ಅಂತ. ನಮ್ಮಮ್ಮನ ತವರಿನ ಊರಿನ ಹಳೇ ಹೆಸರು ನಮಗೆ ಗೊತ್ತಾಗಿದ್ದೇ ಒಂದು ತಂಬಿಗೆಯಿಂದ. ಮೋಡಿಗೆ, ಅಂದರೆ ಗುಜರಿಗೆ, ಹಾಕಿಬಿಟ್ಟಿದ್ದರೆ ಹೋಯಿತು.

ಕರಿಮಣ್ಣು

ಉಡಕಿ ಹೋದವಳು ಮೊದಲ ಮನೆಗೆ ಆಹೇರಿ ಕಳಿಸ್ತಾಳಾ? ಆಗದ ಮಾತು.

ಖಡಕ್_ರೊಟ್ಟಿ

ನೋಡೋಕೆ ಏನು ಖರ್ಚಿದೆ?

ಬಾದಾಮಿ_ಮೊಮ್ಮಗ

ಅಟ್ಟ ಹತ್ತಿದೆ. ಹನ್ನೊಂದು ಪಾತ್ರೆ ಇಳಿಸಿದೆ. ಹತ್ತರ ಮೇಲೆ ನಮ್ಮವೇ ಹೆಸರು. ಒಂದು ತಾಮ್ರದ ಕೊಡ, ಕಂಠದ ಕೆಳಗೆ ನಾಲ್ಕು ಬೆರಳು ಅಗಲ ಚುಕ್ಕಿ ಅಕ್ಷರ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಮೊದಲ ಪದ ಓದಿದ ತಕ್ಷಣ ಕೈ ನಡುಗಿತು. "ಸಂಗವ್ವ ಕೋಂ ಗುರಪ್ಪ ಸಾ||" ಅಂತ ಇದೆ. ಮುಂದಿನ ಪದದ ಮೊದಲ ಅಕ್ಷರಗಳು ಸವೆದಿವೆ, ಕೊನೆಗೆ "ಹಾಳ" ಮಾತ್ರ ಓದೋಕೆ ಬರುತ್ತೆ. ಅದರ ಕೆಳಗೆ ವರ್ಷ, ೧೯೩೯ ಅಥವಾ ೧೯೩೬. "ಸಾ" ಅಂದರೆ ಏನು?

ಮೋಡಿ_ಓದುಗ

"ಸಾ||" ಅಂದರೆ ಸಾಕಿನ, ವಾಸಿಸೋ ಊರು. ಹಾಗಾಗಿ ಮುಂದಿನದು ಊರಿನ 'ಹೆಸರೇ'. ೬ ಮತ್ತು ೯ ಕನ್ನಡ ಅಂಕಿಯಲ್ಲಿ ಚುಕ್ಕಿ ಹೊಡೆದರೆ ಒಂದೇ ಥರ ಕಾಣುತ್ತವೆ. ಬಾಲ ಯಾವ ಕಡೆ ಹೊರಳಿದೆ ನೋಡಿ. ಇನ್ನೊಂದು ಉಪಾಯ, ಇನ್ನು ತಿಕ್ಕಬೇಡಿ! ಸವೆದ ಜಾಗದ ಮೇಲೆ ರಂಗೋಲಿ ಪುಡಿ ಹಾಕಿ ಬೆರಳಿನಿಂದ ಮೆಲ್ಲಗೆ ಒತ್ತಿ, ಒಣ ಬಟ್ಟೆಯಿಂದ ಒಂದೇ ಸಲ ಒರೆಸಿ. ಪುಡಿ ಚುಕ್ಕಿಯಲ್ಲಿ ಉಳಿಯುತ್ತೆ. ಆಮೇಲೆ ಟಾರ್ಚನ್ನು ಮೇಲಿಂದ ಬಿಡದೆ ಪಕ್ಕದಿಂದ ಹಿಡಿದು ಫೋಟೊ ತೆಗೀರಿ.

ನಿವೃತ್ತ_ತಲಾಠಿ

ಮುತ್ಯಾನ ಲಗ್ನ ಯಾವ ವರ್ಷ?

ಬಾದಾಮಿ_ಮೊಮ್ಮಗ

1939, ಸರ್. ಅಪ್ಪನಿಗೆ ಖಾತ್ರಿ ಇದೆ. ಹಾಗಾದರೆ ಇದು ಮಗನ ಲಗ್ನಕ್ಕೆ ಆಕೆ ಕಳಿಸಿದ ಕೊಡ.

ರಂಗೋಲಿ ಪುಡಿಯಿಂದ ಊರಿನ ಹೆಸರು ಪೂರ್ತಿ ಬಂತು. ಇಲ್ಲಿ ಹಾಕೋದಿಲ್ಲ. ಬೀಳಗಿ ತಾಲೂಕು, ಕೃಷ್ಣೆಯ ದಂಡೆ. ಆದರೆ ಆ ಊರು ಈಗ ಇಲ್ಲವಂತೆ, ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿದೆ.

ಕರಿಮಣ್ಣು

ನಾನು ಆಗದ ಮಾತು ಅಂದಿದ್ದೆ. ತಪ್ಪಾಯಿತು.

ಕೃಷ್ಣಾತೀರ

ನಮ್ಮದೂ ಮುಳುಗಡೆ ಊರೇ. ಊರು ಹೋದರೂ ಕಾಗದ ಹೋಗಿಲ್ಲ, ಧೈರ್ಯ ತಗೊಳ್ಳಿ. ಹೇಳಬೇಕಂದ್ರೆ ಮುಳುಗದ ಊರಿಗಿಂತ ನಮ್ಮ ಊರುಗಳಿಗೇ ಕಾಗದ ಜಾಸ್ತಿ. ಪರಿಹಾರ ಬೇಕಾದರೆ ಪ್ರತಿ ಮನೆಯವರೂ ವಂಶಾವಳಿ ಕೊಡಬೇಕಿತ್ತು, ಅದು ಭೂಸ್ವಾಧೀನದ ಅವಾರ್ಡ್ ಕಡತದಲ್ಲಿ ಸೇರಿರುತ್ತೆ. ವಾರಸುದಾರರು ಒಬ್ಬರೂ ಬಿಡದೆ ಬರೆಸಿರ್ತಾರೆ, ಯಾಕಂದರೆ ದುಡ್ಡಿನ ವಿಷಯ. ಆ ಊರಿನವರು ಈಗ ಯಾವ ಪುನರ್ವಸತಿ ಕೇಂದ್ರದಲ್ಲಿದ್ದಾರೆ ಅಂತ ನಾನು ಹೇಳ್ತೀನಿ, ನನಗೆ ಬೇರೆಯಾಗಿ ಬರೀರಿ. ಅಲ್ಲಿ ಗುರಪ್ಪನ ಮನೆತನ ಯಾವುದು ಅಂತ ಗುಡಿಯ ಕಟ್ಟೆ ಮೇಲೆ ಕೂತವರನ್ನು ಕೇಳಿದರೆ ಸಾಕು.

ಹೋಗುವಾಗ ಕೊಡ ತಗೊಂಡು ಹೋಗಿ. ಜಮೀನಿನ ಹಕ್ಕು ಕೇಳೋಕೆ ಬಂದಿಲ್ಲ ಅಂತ ಬಾಗಿಲಲ್ಲೇ ಹೇಳಿ. ಪರಿಹಾರದ ಜಗಳದಲ್ಲಿ ನೊಂದ ಮನೆಗಳು ಇವು, ಹೊಸ ವಾರಸುದಾರ ಬಂದ ಅಂದರೆ ಎದೆ ಝಲ್ಲೆನ್ನುತ್ತೆ.

ಗೋಕಾಕ_ವಕೀಲ

ಕೃಷ್ಣಾತೀರ ಅವರು ಹೇಳಿದ್ದು ಬಹಳ ಮುಖ್ಯ. ಬೇಕಿದ್ದರೆ ನಾಲ್ಕು ಸಾಲು ಬರೆದು ಸಹಿ ಮಾಡಿ ಕೊಡಿ.

ಬಾದಾಮಿ_ಮೊಮ್ಮಗ

ಹೋಗಿ ಬಂದೆವು. ಅಪ್ಪ, ದೊಡ್ಡ ಅತ್ತಿ, ನಾನು.

ಸಂಗವ್ವನಿಗೆ ಅಲ್ಲಿ ಇಬ್ಬರು ಹೆಣ್ಣು, ಒಬ್ಬ ಗಂಡು. ಮೂವರೂ ಈಗ ಇಲ್ಲ. ಮಗನ ಹೆಂಡತಿ ಇದ್ದಾರೆ, ಎಂಬತ್ತು ದಾಟಿದೆ. ಕಣ್ಣು ಮಂಜು, ಮಾತು ಮಾತ್ರ ಖಡಕ್. ನಾವು ಹೆದರಿದಂತೆ ಏನೂ ಆಗಲಿಲ್ಲ. ಅಪ್ಪ ಕೊಡವನ್ನು ಅವರ ಮುಂದೆ ಇಟ್ಟರು. ಅವರು ಎರಡೂ ಕೈಯಿಂದ ತಡವಿ, ಕಂಠದ ಕೆಳಗೆ ಬೆರಳಾಡಿಸಿ, ಚುಕ್ಕಿ ಸಿಕ್ಕಿದ ಮೇಲೆ ಕೇಳಿದರು, "ಬಾದಾಮಿ ಕಡಿಯವರೇನು?"

ಆಮೇಲೆ ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೀತೀನಿ. "ನಮ್ಮತ್ತಿ ವರ್ಷಾ ಬನದ ಹುಣ್ಣಿಮಿಗೆ ಬನಶಂಕರಿಗೆ ಹೋಗಾಕಿ. ಮಾವ ಏನೂ ಅನ್ನತಿರಲಿಲ್ಲ, ತಾನ ಗಾಡಿ ಹೂಡಿ ಕಳಸತಿದ್ದ. ಹಿರಿಮಗ ಬರ್ತಾನಂತ ಕರ್ಚಿಕಾಯಿ, ಎಳ್ಳು ಹಚ್ಚಿದ ರೊಟ್ಟಿ ಕಟಗೊಂಡು ಹೋಗಾಕಿ. ನಾ ಈ ಮನಿಗೆ ಬಂದ ವರ್ಷ ನನ್ನೂ ಕರಕೊಂಡು ಹೋಗಿದ್ಲು. ಹೊಂಡದ ದಂಡಿ ಮ್ಯಾಲ ಇಬ್ಬರೂ ಕುಂತ್ರು. ಬಾಳ ಮಾತಾಡಲಿಲ್ಲ. ಆಂವ ಉಣ್ಣೂತನಕ ನೋಡತಿದ್ಲು."

ನಮ್ಮ ಮನೆಯಲ್ಲಿ ಮುತ್ಯಾನ ಬಗ್ಗೆ ಒಂದು ಮಾತಿತ್ತು. ಅವರಿಗೆ ನಾಟಕದ ಹುಚ್ಚು, ಪ್ರತಿ ವರ್ಷ ಬನಶಂಕರಿ ಜಾತ್ರೆಗೆ ಒಬ್ಬರೇ ಹೋಗಿ ಕಂಪನಿ ನಾಟಕ ನೋಡಿ ಬರ್ತಾರೆ, ಹೆಂಡತಿ ಮಕ್ಕಳನ್ನು ಕರೆದೊಯ್ಯೋದಿಲ್ಲ ಅಂತ. ನಮ್ಮ ಅಮ್ಮ, ಮುತ್ಯಾನ ಹೆಂಡತಿ, ಅದಕ್ಕೆ ಜಗಳ ಕೂಡ ಆಡುತ್ತಿದ್ದರಂತೆ. ಯಾವ ನಾಟಕ ನೋಡಿದಿರಿ ಅಂದರೆ ಮುತ್ಯಾ ಹೇಳುತ್ತಿರಲಿಲ್ಲ. ಅಪ್ಪನಿಗೆ ಇದೆಲ್ಲ ನೆನಪಿದೆ. ಒಂದು ವರ್ಷದಿಂದ ಅವರು ಜಾತ್ರೆಗೆ ಹೋಗೋದನ್ನೇ ಬಿಟ್ಟರು. ಅಪ್ಪ ಆಗ ಸಣ್ಣ ಹುಡುಗ. ಸಂಗವ್ವ ತೀರಿಕೊಂಡಿದ್ದು 1958, "ರಾಜ್ಯ ಒಂದಾದ ಎರಡು ವರ್ಷಕ್ಕ" ಅಂತ ಆ ಅಮ್ಮ ಲೆಕ್ಕ ಹೇಳಿದರು.

ಆಕೆಯನ್ನು ಮಣ್ಣು ಮಾಡಿದ್ದು ಅವರ ಹೊಲದ ಬದುವಿನಲ್ಲಿ. ಈಗ ನೀರಿನ ಕೆಳಗಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹೊಲ ಕಾಣುತ್ತಂತೆ, ಗುರುತಿಗೆ ಒಂದು ಬನ್ನಿ ಮರದ ಬೊಡ್ಡೆ ಇದೆಯಂತೆ. ಮೇ ತಿಂಗಳಲ್ಲಿ ಬನ್ನಿ, ತೋರಿಸ್ತೀವಿ ಅಂದಿದ್ದಾರೆ.

ಇಳಕಲ್_ಅಕ್ಕ

ಎರಡು ಸಲ ಓದಿದೆ. ಗಾಡಿ ಹೂಡಿ ಕಳಿಸುತ್ತಿದ್ದ ಆ ಗುರಪ್ಪನಿಗೂ ಒಂದು ನಮಸ್ಕಾರ. ನಿಮ್ಮ ಮುತ್ಯಾ ಆ ಗುಟ್ಟನ್ನು ಯಾಕೆ ಮನೆಯಲ್ಲಿ ಹೇಳಲಿಲ್ಲವೋ, ಕಾಕಾನಿಗೆ ಹೆದರಿಯೋ, ಅವ್ವನ ಬಗ್ಗೆ ಯಾರೂ ಒಂದು ಮಾತು ಆಡಬಾರದು ಅಂತಲೋ. ಮಗಳಿಗೆ ಹೆಸರಿಟ್ಟು ದಿನಾ ಕರೆದಿದ್ದಾರೆ ನೋಡಿ.

ಮನೆ_ಮಾನ

ಕೆದಕಬೇಡಿ ಅಂದಿದ್ದೆ. ಆ ಮನೆಯವರು ನಿಮ್ಮನ್ನು ಚೆನ್ನಾಗಿ ಕಂಡಿದ್ದು ಓದಿ ಮನಸ್ಸು ಹಗುರಾಯಿತು.

ನಿವೃತ್ತ_ತಲಾಠಿ

ತಮ್ಮಾ, ವಂಶಾವಳಿ ಹಾಗೇ ಬಿಡಬೇಡ. ಅಫಿಡವಿಟ್ ಮಾಡಿಸಿ, 1919 ಮತ್ತು 1921ರ ವರ್ದಿ ನಕಲು ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಕೊಡು. ಅಲ್ಲಿನವರ ಹೇಳಿಕೆಯೂ ಒಂದಿರಲಿ.

ಬಾದಾಮಿ_ಮೊಮ್ಮಗ

ಕೊಟ್ಟೆವು ಸರ್. ಗೆರೆ ಇದ್ದಲ್ಲಿ ಸಂಗವ್ವ ಅಂತ ಬರೆಯಿರಿ, ಮುಂದೆ ಮೃತ 1958 ಅಂತ ಹಾಕಿ ಅಂತ ಕೇಳಿದ್ದೇವೆ. ಅರ್ಜಿಗೆ ದೊಡ್ಡ ಅತ್ತಿಯೂ ಸಹಿ ಹಾಕಿದರು, ಸಂಗವ್ವ ಅಂತಲೇ.

ಸಿಂದಗಿ_ಹುಡುಗ

ನಾನೂ ಇವತ್ತು ಅಟ್ಟ ಹತ್ತಿದೆ. ಎರಡು ಹಂಡೆ, ಒಂದು ಪರಾತ. ಪರಾತದ ಹಿಂದೆ ಚುಕ್ಕಿ ಇದೆ, ಕನ್ನಡ ಅಲ್ಲ ಅಂತ ಕಾಣುತ್ತೆ. ನಾಳೆ ಬೆಳಕಿನಲ್ಲಿ ಫೋಟೊ ತೆಗೆದು ಹಾಕ್ತೀನಿ. ಹಳೇ ಮರಾಠಿಯ ಮೋಡಿ ಲಿಪಿ ಓದೋರು ಸ್ವಲ್ಪ ನೋಡಿ ಹೇಳ್ತೀರಾ?

ಮೋಡಿ_ಓದುಗ

ಹಾಕಿ. ತಿಕ್ಕಬೇಡಿ.